ಪೆಟ್ಟಿಗೆಯೊಳಗಿನ ಕೊನೆಯ ಗೋಡೆ

ಮಸುಕು ಗಾಜಿನಾಚೆ ಏನೋ ಕೆಂಪಗೆ ಹಾದುಹೋಯಿತು, ತೇಯಾಳ ಸ್ವೆಟರೇ ಇರಬೇಕು, ಇಲ್ಲ, ಬೇರೆ ಯಾವುದೋ ಮಗುವಿನದು, ಚಳಿಗಾಲ ಬಂತೆಂದರೆ ಈ ತ್ರಿಯೆಸ್ತೆ ಊರಿನಲ್ಲಿ ಮಕ್ಕಳಿಗೆಲ್ಲ ಕೆಂಪನ್ನೇ ಯಾಕೆ ತೊಡಿಸುತ್ತಾರೋ, ಅಳು ಕೇಳಿಸುತ್ತಿಲ್ಲ, ಕೇಳಿಸದೇ ಇರುವುದು ಒಳ್ಳೆಯದೋ ಕೆಟ್ಟದ್ದೋ — ಫುಲ್ವಿಯಾ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಳು, ಕುರ್ಚಿ ಎಂದರೆ ಎರಡು ವರ್ಷದ ಕೂಸಿನ ಅಳತೆಯದು, ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ, ಒಂದು ವಾರದಿಂದ ದಿನಾ ಬೆಳಿಗ್ಗೆ ಇದೇ ಕುರ್ಚಿ, ಇದೇ ಕಾರಿಡಾರು, ಅಡುಗೆಮನೆಯಿಂದ ಇದೇ ಬೇಯುವ ಕ್ಯಾರೆಟ್ಟಿನ ವಾಸನೆ, ಮಗುವನ್ನು ಶಿಶುವಿಹಾರಕ್ಕೆ ಒಗ್ಗಿಸುವುದು ಅಂದರೆ ಹೀಗೇ, ಅಮ್ಮನೋ ಅಪ್ಪನೋ ಮೊದಲ ವಾರಗಳು ಬಾಗಿಲಾಚೆ ಕೂತಿರಬೇಕು, ಮಗು ಕೂಗಿದರೆ ಕೇಳಿಸುವಷ್ಟು ಹತ್ತಿರ, ಮಗುವಿಗೆ ಕಾಣದಷ್ಟು ದೂರ, ಮೊಬೈಲನ್ನು ಕಪಾಟಿನ ಮೇಲಿನ ಬೆತ್ತದ ಬುಟ್ಟಿಗೆ ಹಾಕಿ ಕೂರಬೇಕು, ಇಲ್ಲಿಗೆ ಬಂದಮೇಲೆ ಬರೀ ಅಮ್ಮ ಆಗಿರಿ ಅಂದಿದ್ದಳು ಟೀಚರ್ ಒರ್ನೆಲ್ಲಾ ಮೊದಲ ದಿನ, ಬರೀ ಅಮ್ಮ, ಎಷ್ಟು ಸಲೀಸಾಗಿ ಅಂದುಬಿಟ್ಟಳು — ಬುಟ್ಟಿ ಗುರ್ರ್ ಅಂದಿತು, ಯಾರದ್ದೋ ಮೊಬೈಲು ಯಾರದ್ದೋ ಬೀಗದಕೈ ಗೊಂಚಲಿಗೆ ತಾಗಿ ನಡುಗುತ್ತಿದೆ, ಯಾರದ್ದೋ ಏನು, ತನ್ನದೇ, ಪ್ರೊಫೆಸರ್ ತುಲ್ಲಿಯೊ ಬೆನುಸ್ಸಿ ಅವರೇ, ಬೆಳಗಿನಿಂದ ಇದೇ ಕೆಲಸ ಅವರಿಗೆ, ಏನಮ್ಮಾ ಫುಲ್ವಿಯಾ, ಹೂಂ ಅಂತೀಯೋ ಇಲ್ವೋ, ಒಂದು ಹೂಂ ಕಣಮ್ಮಾ, ಅಷ್ಟೇ ನಾನು ಕೇಳ್ತಿರೋದು. ಇವತ್ತು ರಾತ್ರಿ ಎಂಟು ಹೊಡೆದ ಕೂಡಲೇ ಅಂತರ್ಜಾಲದ ಪ್ರಬಂಧಸಂಗ್ರಹಕ್ಕೆ ಅವರಿಬ್ಬರ ಪ್ರಬಂಧ ಕಳಿಸಬೇಕಂತೆ, ಎಂಟಕ್ಕೆ ಸರಿಯಾಗಿ ಮೊದಲು ಬಿದ್ದದ್ದು ನಾಳೆ ಎಲ್ಲಕ್ಕಿಂತ ಮೇಲೆ ಕಾಣುತ್ತದೆ, ಜಗತ್ತಿನ ಅಷ್ಟೂ ಭೌತವಿಜ್ಞಾನಿಗಳು ಬೆಳಿಗ್ಗೆ ಕಾಫಿ ಕುಡಿಯುತ್ತ ಮೊದಲು ನೋಡುವುದು ಅದನ್ನೇ, ತಲೆ ನರೆತ ಪ್ರೊಫೆಸರುಗಳು ಗಡಿಯಾರ ನೋಡುತ್ತ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಾರೆ, ಸಿನಿಮಾ ಟಿಕೆಟ್ಟಿಗೆ ನುಗ್ಗುವವರ ಹಾಗೆ, ಇವತ್ತು ಬಿಟ್ಟು ನಾಳೆ ಅಂದರೆ ಮುಗಿಯಿತು, ಇದೇ ಲೆಕ್ಕಕ್ಕೆ ಕೂತಿರುವ ಕೊಪನ್‌ಹೇಗನ್ನಿನವರದ್ದು ಬಂದುಬಿಡುತ್ತದೆ, ಅವರದ್ದು ಬಂದಮೇಲೆ ನಮ್ಮದು ಎರಡನೆಯದು, ಎರಡನೆಯದನ್ನು ತೋರಿಸಿ ಖಾಯಂ ಹುದ್ದೆ ಕೇಳುವುದಕ್ಕೆ ಆಗುತ್ತದಾ, ಈ ತಿಂಗಳ ಕೊನೆಗೆ ಅರ್ಜಿಯ ಗಡುವು ಮುಗಿಯುತ್ತದೆ, ವಸಂತಕ್ಕೆ ಅವಳ ಕರಾರೂ ಮುಗಿಯುತ್ತದೆ, ಒಂದು ಹೂಂ.

ಹೂಂ ಅನ್ನುವುದಕ್ಕೇನು, ಬಾಯಿ ತೆರೆದರೆ ಬರುತ್ತದೆ, ವರ್ಷಗಟ್ಟಲೆ ಮಾಡಿದ ಕೆಲಸ, ಕಪ್ಪುದ್ರವ್ಯ ಕಪ್ಪುದ್ರವ್ಯ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರೆ, ಗೆಲಾಕ್ಸಿಗಳು ಚೆದುರದ ಹಾಗೆ ಹಿಡಿದಿಟ್ಟಿರುವುದು ಅದೇ ಅಂತ ಗೊತ್ತು, ಅದು ಏನು ಅಂತ ಯಾರಿಗೂ ಗೊತ್ತಿಲ್ಲ, ಅದರ ಒಂದು ಕಣದ ತೂಕ ಇಷ್ಟು, ಇಲ್ಲಿ ಹುಡುಕಿ ಅಂತ ಬೆರಳು ಮಾಡಿ ತೋರಿಸುವ ಒಂದು ಅಂಕಿ ಅವರ ಪ್ರಬಂಧದಲ್ಲಿದೆ, ಆ ಅಂಕಿ ಬಂದದ್ದು ಗೋಡೆಗಳ ಲೆಕ್ಕದಿಂದ, ಅಮ್ಮಾ ಇದು ಯಾವ ಗೋಡೆ ಅಂತ ಮುಂದೊಂದು ದಿನ ತೇಯಾ ಕೇಳಿದರೆ ಏನು ಹೇಳುವುದು, ದಾರಿಯೊಗೆ ಹೇಳಿದ್ದನ್ನೇ ಹೇಳುವುದು, ಗಂಡ ಬಂದರಿನಿಂದ ಪಾಳಿ ಮುಗಿಸಿ ಬಂದು ಪಾತ್ರೆ ತೊಳೆಯುತ್ತಿದ್ದ, ಅವಳು ಒರೆಸುತ್ತಿದ್ದಳು, ನೋಡು, ವಿಶ್ವ ಹುಟ್ಟಿದ ಹೊಸತು, ಎಲ್ಲಾ ಕೆಂಡದ ಥರ ಕಾದಿದೆ, ಜಾಗಜಾಗಕ್ಕೂ ಒಂದೊಂದು ಗಡಿಯಾರದ ಮುಳ್ಳು ಇದೆ ಅಂದ್ಕೋ, ಒಂದೊಂದೂ ಒಂದೊಂದು ಕಡೆ ಮುಖ ಮಾಡಿದೆ, ಆಮೇಲೆ ತಣ್ಣಗಾಯ್ತು, ಎಲ್ಲಾ ಮುಳ್ಳೂ ಹನ್ನೆರಡಕ್ಕೇ ಬಂದು ನಿಲ್ಲಬೇಕು ಅಂತ ಆಯ್ತು, ಕೆಲವು ಈ ಕಡೆಯಿಂದ ಸುತ್ತಿ ಬಂದವು, ಕೆಲವು ಆ ಕಡೆಯಿಂದ, ಎರಡು ಥರದವೂ ಎದುರಾದ ಜಾಗದಲ್ಲಿ ಮುಳ್ಳು ಪೂರ್ತಿ ಒಂದು ಸುತ್ತು ಹಾಕಲೇಬೇಕು, ಅದೇ ಗೋಡೆ. ಹಾಗಾದ್ರೆ ಗೋಡೆ ಆ ಕಡೆ ಏನಿದೆ, ಅಂದ ದಾರಿಯೊ. ಹನ್ನೆರಡು. ಈ ಕಡೆ. ಇಲ್ಲೂ ಹನ್ನೆರಡೇ. ಎರಡೂ ಕಡೆ ಒಂದೇ ಆದ್ಮೇಲೆ ಮಧ್ಯೆ ಗೋಡೆ ಯಾಕೆ ಮಾರಾಯ್ತಿ, ನಮ್ಮಮ್ಮ ನಿಮ್ಮಮ್ಮ ಮಾತು ಬಿಟ್ಟ ಕಥೆ ಆಯ್ತಲ್ಲ — ನಕ್ಕು ನಕ್ಕು ತಟ್ಟೆ ಕೈಜಾರಿತ್ತು ಆ ದಿನ, ಈಗ ಯಾಕೋ ನಗು ಬರುವುದಿಲ್ಲ, ಆ ಗೋಡೆಗಳಿಗೆ ಅಂಚು ಇರುತ್ತದೆ, ಬಟ್ಟೆಯ ಅಂಚಿನ ಹಾಗೆ, ಅಂಚು ಎಳೆಯುತ್ತದೆ, ಗೋಡೆ ಹರಿಯುತ್ತದೆ, ಮುದುಡಿ ಸಾಯುತ್ತದೆ, ಸಾಯುವಾಗ ಹಗುರವಾದ ನಿಧಾನಗತಿಯ ಕಣಗಳನ್ನು ಚೆಲ್ಲಿ ಹೋಗುತ್ತದೆ, ಆ ಚೆಲ್ಲಿದ್ದೇ ಕಪ್ಪುದ್ರವ್ಯ ಇರಬಹುದು, ಎಷ್ಟು ಚೆಲ್ಲಿತು ಅಂತ ಲೆಕ್ಕ ಸಿಕ್ಕರೆ ತೂಕ ಸಿಕ್ಕಿತು, ಆದರೆ ಇಡೀ ವಿಶ್ವವನ್ನು ಕಂಪ್ಯೂಟರಿಗೆ ತುಂಬುವವರು ಯಾರು, ಒಂದು ಪೆಟ್ಟಿಗೆಯಷ್ಟನ್ನು ತುಂಬುವುದು, ಪೆಟ್ಟಿಗೆಗೆ ಕೊನೆ ಅಂತ ಒಂದು ಇರಬಾರದಲ್ಲ, ಅದಕ್ಕೆ ಎಡಮೈಗೆ ಬಲಮೈಯನ್ನು ಅಂಟಿಸುವುದು, ಬಲಕ್ಕೆ ಹೊರಗೆ ಹೋದದ್ದು ಎಡದಿಂದ ಒಳಗೆ ಬರುತ್ತದೆ, ಈ ಕಸುಬಿನವರೆಲ್ಲ ಮಾಡುವುದು ಹೀಗೇ, ಕಟ್ಟುನಿಟ್ಟು ಒಂದೇ, ಬೆಳಕು ಪೆಟ್ಟಿಗೆಯನ್ನು ಅರ್ಧ ದಾಟುವುದರೊಳಗೆ ನಿಲ್ಲಿಸಿಬಿಡಬೇಕು, ಅದು ಮೀರಿದರೆ ಪೆಟ್ಟಿಗೆ ತನ್ನ ದನಿಯನ್ನೇ ತಾನು ಕೇಳಿಸಿಕೊಳ್ಳುವುದಕ್ಕೆ ಶುರುಮಾಡುತ್ತದೆ, ಅದು ವಿಶ್ವದ ಮಾತಲ್ಲ, ಪೆಟ್ಟಿಗೆಯ ಮಾತು. ಪ್ರೋಗ್ರಾಮಿನಲ್ಲಿ ಆ ನಿಲ್ಲಿಸುವ ಸಾಲನ್ನು ಬರೆದವಳು ಅವಳೇ, ಬಸುರಿಯಾಗಿದ್ದಾಗ, ಮೇಜಿಗೆ ಹೊಟ್ಟೆ ತಾಗುತ್ತಿತ್ತು, ಆಮೇಲೆ ಹೆರಿಗೆ ರಜೆ, ಬೊಲೊನ್ಯಾದ ದೊಡ್ಡ ಕಂಪ್ಯೂಟರ್ ಯಂತ್ರದಲ್ಲಿ ಅವರಿಗೆ ಕೊಟ್ಟ ಹೊತ್ತು ಇನ್ನೂ ಮಿಕ್ಕಿತ್ತು, ಸುಮ್ಮನೆ ಯಾಕೆ ಬಿಡೋದು ಅಂತ ತುಲ್ಲಿಯೊ ಆ ಸಾಲನ್ನು ತೆಗೆದು ಇನ್ನಷ್ಟು ದೂರ ಓಡಿಸಿದರು, ಓಡಿಸಿದ್ದಕ್ಕೇ ಗ್ರಾಫಿನಲ್ಲಿ ಆ ಚೆಂದದ ಗೆರೆ, ಅದರಿಂದ ಆ ಅಂಕಿ ಬಂತು, ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ, ಅವಳೂ ನೋಡಿ ಕುಣಿದಿದ್ದಳಲ್ಲ, ಎದೆಹಾಲು ಸೋರುವ ಅಂಗಿಯಲ್ಲೇ.

ಗೆರೆಯನ್ನು ನೋಡುತ್ತಾರೆ ಎಲ್ಲರೂ, ಗೋಡೆಗಳು ಅಲುಗುವ ಚಿತ್ರವನ್ನು ಯಾರೂ ಕೊನೆತನಕ ನೋಡುವುದಿಲ್ಲ, ಅದಕ್ಕೆ ಜ್ವರ ಬಂದ ಮಗು ಬೇಕು, ಶಿಶುವಿಹಾರ ಶುರುವಾಗುವ ಮುಂಚೆ ಒಂದು ರಾತ್ರಿ ತೇಯಾ ಮೈ ಕಾದು ತೊಡೆ ಬಿಟ್ಟು ಇಳಿಯದೆ ರಚ್ಚೆ ಹಿಡಿದಾಗ ಲ್ಯಾಪ್‌ಟಾಪಿನಲ್ಲಿ ಆ ಬಣ್ಣಬಣ್ಣದ ಗೋಡೆಗಳು ಅಲುಗುವುದನ್ನು ಹಚ್ಚಿ ತೋರಿಸಿದ್ದು, ಇನ್ನಾ, ಅಂದಿತು ಮಗು, ಮತ್ತೆ ಹಚ್ಚಿದಳು, ಇನ್ನಾ, ಮತ್ತೆ, ಮೊದಲು ಎಲ್ಲ ಕಡೆ ಗೋಡೆ, ಗಿಜಿಗಿಜಿ, ಆಮೇಲೆ ಹರಿದು ಹರಿದು ಕಡಿಮೆಯಾಗಿ, ಕೊನೆಗೆ ಎಲ್ಲ ಸತ್ತು ಖಾಲಿಯಾಗಬೇಕಿದ್ದ ಕಡೆ ಒಂದು ಗೋಡೆ, ಒಂದೇ ಒಂದು, ಹಾಳೆಯ ಹಾಗೆ ಚಪ್ಪಟೆ, ಪೆಟ್ಟಿಗೆಯ ಈ ಮೈಯಿಂದ ಆ ಮೈಗೆ ಹಾಸಿಕೊಂಡದ್ದು, ಸಣ್ಣಗೆ ನಡುಗುತ್ತದೆ, ಹೋಗುವುದಿಲ್ಲ, ಯಾಕೆ ಹೋಗುವುದಿಲ್ಲ, ಬಲದಲ್ಲಿ ಮುಗಿದದ್ದು ಎಡದಲ್ಲಿ ಶುರುವಾಗುತ್ತದೆ, ಅಂಟಿಸಿದ್ದರಿಂದ ಅದಕ್ಕೆ ಅಂಚೇ ಇಲ್ಲ, ಅಂಚಿಲ್ಲದ್ದು ಎಲ್ಲಿಂದ ಹರಿಯಬೇಕು, ಮಗು ಬಿಸಿ ಕೈಯಿಂದ ಪರದೆಗೆ ಪಟಪಟ ಬಡಿಯಿತು, ಇನ್ನಾ, ಅವಳು ಅಲ್ಲೇ ನಿಲ್ಲಿಸಿ ಪರದೆಗೆ ಮುಖ ತಂದು ನೋಡಿದಳು, ಆ ಹಾಳೆಯ ನಡುಕವನ್ನೇ ಅವರ ಪ್ರೋಗ್ರಾಮು ಕಣ, ಕಣ, ಕಣ ಅಂತ ಎಣಿಸುತ್ತ ಕೂತಿದೆ, ಆ ನೆಟ್ಟಗಿನ ಗೆರೆ ಅದರದ್ದೇ. ಎಲ್ಲ ಸಲವೂ ಹಾಗೆ ಆಗಿಲ್ಲ, ಕೆಲವು ಓಟಗಳಲ್ಲಿ ಮಾತ್ರ ಹಾಳೆ ಉಳಿದಿದೆ, ಆದರೆ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದದ್ದಲ್ಲವೇ, ಯಾವುದರಲ್ಲಿ ಎಷ್ಟು ಬೆರೆತಿದೆ ಅಂತ ಬಿಡಿಸಿ ಹೇಳಬೇಕಾದರೆ ಇದರ ಎರಡರಷ್ಟು ಅಗಲದ ಪೆಟ್ಟಿಗೆ ಬೇಕು, ಅದಕ್ಕೆ ಯಂತ್ರದ ಹೊತ್ತು ಮತ್ತೆ ಬೇಡಬೇಕು, ಮುಂದಿನ ಬೇಸಿಗೆ ಆಗುತ್ತದೆ, ಬೇಸಿಗೆಗೆ ಅವಳು ಎಲ್ಲಿರುತ್ತಾಳೋ. ತುಲ್ಲಿಯೊಗೆ ಮಾರನೆಯ ದಿನವೇ ತೋರಿಸಿದಳು, ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು, ಒಂದು ಅಡಿಟಿಪ್ಪಣಿ ಹಾಕೋಣ ಬಿಡು ಅಂದರು.

ಏನಮ್ಮಾ, ಸಿಕ್ತಾ, ಅಂದಿತು ಪಕ್ಕದ ಕುರ್ಚಿ. ನೆರೀನಾ ಅಜ್ಜಿ, ಮೊಮ್ಮಗನನ್ನು ಒಗ್ಗಿಸುವುದಕ್ಕೆ ಬಂದವಳು, ಮಗ ಸೊಸೆ ಇಬ್ಬರಿಗೂ ರಜೆ ಇಲ್ಲ, ಆ ಪುಟಾಣಿ ಕುರ್ಚಿ ಅವಳ ಕೆಳಗೆ ಎಲ್ಲಿದೆ ಅಂತಲೇ ಕಾಣುವುದಿಲ್ಲ, ಮೊದಲ ದಿನ ನೀನೇನು ಕೆಲಸ ಮಾಡ್ತೀ ಅಂತ ಕೇಳಿ, ಕಪ್ಪುದ್ರವ್ಯ ಹುಡುಕ್ತೀನಿ ಅನ್ನುವ ಉತ್ತರ ಕೇಳಿ, ಅಂದಿನಿಂದ ದಿನಾ ಬೆಳಿಗ್ಗೆ ಇದೊಂದೇ ಪ್ರಶ್ನೆ, ಸಿಕ್ತಾ, ಇಲ್ಲ ಅಜ್ಜಿ, ಇನ್ನೂ ಸಿಕ್ಕಿಲ್ಲ. ಸೋಫಾ ಕೆಳಗೆ ನೋಡಿದ್ಯಾ, ನಮ್ಮನೇಲಿ ಏನು ಕಳೆದ್ರೂ ಅಲ್ಲೇ ಸಿಗೋದು, ಹೋದ ವಾರ ನಮ್ಮೆಜಮಾನರ ಹಲ್ಲಿನ ಸೆಟ್ಟು ಅಲ್ಲೇ ಸಿಕ್ತು, ಎರಡು ದಿನ ಬರೀ ಗಂಜಿ ಕುಡಿಸಿದೀನಿ ಪಾಪದ್ದಕ್ಕೆ — ಹೇಳಿ ತಾನೇ ಕಿಲಕಿಲ ನಕ್ಕಳು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಚಾಚಿದಳು, ಕುಡಿ, ಮುಖ ನೋಡು, ತೊಳೆದು ಹಿಂಡಿದ ಬಟ್ಟೆ ಇದ್ದ ಹಾಗಿದೆ, ಗಂಡ ಬೈದನಾ. ಇಲ್ಲ ಅಜ್ಜಿ, ನಮ್ಮ ಪ್ರೊಫೆಸರು. ಏನಂತೆ. ನಾನು ಹೂಂ ಅನ್ನಬೇಕಂತೆ. ಅಂದುಬಿಡು, ನನ್ನ ಗಂಡನಿಗೆ ನಾನು ನಲವತ್ತು ವರ್ಷದಿಂದ ಹೂಂ ಅಂತಾನೇ ಇದೀನಿ, ಮಾಡೋದು ನನಗೆ ಬೇಕಾದ್ದು — ಕಾಫಿ ಸುಡುತ್ತಿತ್ತು, ನಾಲಗೆಯ ತುದಿ ಸುಟ್ಟಿತು, ಅಜ್ಜಿ ಹೇಳುವುದು ಸುಲಭ, ಗಂಡನಿಗೆ ಹೂಂ ಅಂದರೆ ಅಡುಗೆಮನೆಯಲ್ಲೇ ಮುಗಿಯುತ್ತದೆ, ಇದು ನಾಳೆ ಬೆಳಿಗ್ಗೆ ಎಲ್ಲರ ಪರದೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ, ಆ ಅಂಕಿಯನ್ನು ನಂಬಿ ಯಾರೋ ಎಲ್ಲೋ ನೆಲಮಾಳಿಗೆಯಲ್ಲಿ ಉಪಕರಣ ಕಟ್ಟಿ ಅದೇ ತೂಕಕ್ಕೆ ತಿರುಗಿಸಿಟ್ಟು ವರ್ಷಗಟ್ಟಲೆ ಕಿವಿಗೊಟ್ಟು ಕೂರುತ್ತಾರೆ, ಕೇಳಿಸುವುದು ಏನು, ಒಂದು ಪೆಟ್ಟಿಗೆಯೊಳಗೆ ಹಾಸಿಕೊಂಡ ಹಾಳೆಯ ನಡುಕ, ಥತ್, ಯಾಕೆ ನೋಡಿದೆನೋ ಅದನ್ನು, ಜ್ವರಕ್ಕೆ ಬೇರೆ ಏನಾದರೂ ಹಚ್ಚಿ ತೋರಿಸಬಹುದಿತ್ತಲ್ಲ, ಹಂದಿಮರಿಗಳ ಕಾರ್ಟೂನು ಇರಲಿಲ್ಲವೇ — ಬಾಗಿಲು ತೆರೆಯಿತು, ಒರ್ನೆಲ್ಲಾ, ಏಪ್ರನ್ನಿಗೆ ಬಣ್ಣ ಮೆತ್ತಿಕೊಂಡು, ತೇಯಾಳ ಅಮ್ಮ, ಬನ್ನಿ, ಇವತ್ತು ನೀವು ಹೊರಗೆ ಹೋಗ್ತೀರಿ. ಹೊರಗೆ ಅಂದ್ರೆ. ಗೇಟಿನಾಚೆ, ಸ್ವಲ್ಪ ಹೊತ್ತು, ನಾನೇ ಕರೀತೀನಿ, ಮಗು ಆಟದಲ್ಲಿ ಮುಳುಗಿದೆ. ಹಾಗಾದ್ರೆ ಹೀಗೇ ಮೆಲ್ಲಗೆ ಹೋಗಿಬಿಡ್ಲಾ, ನೋಡಿದ್ರೆ ಅಳ್ತಾಳೆ. ಒರ್ನೆಲ್ಲಾ ಸೊಂಟಕ್ಕೆ ಕೈಯಿಟ್ಟಳು, ಎಲ್ಲ ಅಪ್ಪ ಅಮ್ಮಂದಿರೂ ಇದನ್ನೇ ಕೇಳ್ತೀರಲ್ರೀ, ಕಣ್ಣು ತಪ್ಪಿಸಿ ಹೋಗೋ ಹಾಗಿಲ್ಲ, ಎದುರಿಗೆ ಕೂತು ಹೋಗ್ತೀನಿ ಅಂತ ಹೇಳಿ ಹೋಗಬೇಕು, ಅಳ್ಲಿ, ಅತ್ತು ಸುಮ್ಮನಾಗ್ತಾಳೆ, ನೀವು ಕದ್ದು ಹೋದ್ರೆ ನಾಳೆಯಿಂದ ನಿಮ್ಮ ಕಾಲು ಬಿಡಲ್ಲ, ನಮಗೂ ಕೆಲಸ, ನಿಮಗೂ ಕೆಲಸ. ಫುಲ್ವಿಯಾ ಒಳಗೆ ಹೋಗಿ ಮಗುವಿನೆದುರು ಮೊಣಕಾಲೂರಿ ಕೂತಳು, ತೇಯಾ, ಅಮ್ಮ ಹೊರಗೆ ಹೋಗ್ತಾಳೆ, ಆಮೇಲೆ ಬರ್ತಾಳೆ, ಮಗು ಮರದ ಚಮಚವನ್ನು ಕೈಯಲ್ಲಿ ಹಿಡಿದು ಅವಳ ಮುಖವನ್ನೇ ನೋಡಿತು, ತುಟಿ ಬಾಗಿತು, ಬಾಯಿ ಇಷ್ಟಗಲ ಆಯಿತು, ಅಳು ಬರುವುದಕ್ಕೆ ಮುಂಚಿನ ಆ ಒಂದು ಉಸಿರಿಲ್ಲದ ಗಳಿಗೆ — ಬುಟ್ಟಿಯಿಂದ ಮೊಬೈಲು ತೆಗೆದುಕೊಂಡಳು, ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ಹೊರಟಳು, ಅಳು ಬೆನ್ನಿಗೆ ಬಂದು ಬಡಿಯಿತು, ಹಿಂದೆ ತಿರುಗಲಿಲ್ಲ.

ಹೊರಗೆ ಬೋರಾ ಗಾಳಿ, ಬೆಟ್ಟದಿಂದಿಳಿದು ಬೀದಿಯುದ್ದ ಸಮುದ್ರಕ್ಕೆ ನುಗ್ಗುತ್ತಿದೆ, ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳು ಒಂದರ ಮೇಲೊಂದು ಒರಗಿ ಬಿದ್ದಿವೆ, ಕೋಟಿನ ಇನ್ನೊಂದು ತೋಳು ಬಾವುಟದ ಹಾಗೆ ಹಾರುತ್ತಿದೆ, ಗೇಟಿನ ಸರಳನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಮೊಬೈಲು ಕಿವಿಗೆ ಒತ್ತಿದಳು, ಒಂದೇ ರಿಂಗಿಗೆ ಎತ್ತಿದರು, ಅಬ್ಬಾ ಬಂದ್ಯಾ, ಹೇಳು. ತುಲ್ಲಿಯೊ, ಇವತ್ತು ಬೇಡ. ಏನು, ಗಾಳಿ, ಕೇಳಿಸ್ತಿಲ್ಲ. ಇವತ್ತು ಕಳಿಸೋದು ಬೇಡ ಅಂದೆ. ಫುಲ್ವಿಯಾ, ಅಡಿಟಿಪ್ಪಣಿ ಬರೆದಾಯ್ತಮ್ಮಾ, ಓದ್ತೀನಿ ಕೇಳು, ಕೊನೆಯ ಹಂತದಲ್ಲಿ ಪೆಟ್ಟಿಗೆಯ ಗಾತ್ರದ ಪ್ರಭಾವ ಅಲ್ಪಸ್ವಲ್ಪ ಇರಬಹುದು, ಇದಕ್ಕಿಂತ ಇನ್ನೇನು ಬೇಕು, ಎಲ್ಲರೂ ಮಾಡೋದು ಇದನ್ನೇ. ಅಡಿಯಲ್ಲಿ ಗೊತ್ತಿಲ್ಲ ಅಂತ ಬರೆದು ತಲೆಬರಹದಲ್ಲಿ ಅಂಕಿ ಹಾಕೋದಾ. ಅಂಕಿ ತಪ್ಪು ಅಂತೀಯಾ. ತಪ್ಪು ಅಂತ ನನಗೆ ಗೊತ್ತಿಲ್ಲ. ಸರಿ ಇದ್ರೆ. ಇರಬಹುದು, ಇದ್ರೂ ಅದು ನಾವು ಕಂಡುಹಿಡಿದದ್ದಲ್ಲ, ಬೀದೀಲಿ ಬಿದ್ದು ಸಿಕ್ಕಿದ್ದು. ಸಿಟ್ಟು ಬಂತು ಅವರಿಗೆ, ದನಿ ಸಣ್ಣಗಾಯಿತು, ಸಿಟ್ಟು ಬಂದಾಗಲೇ ಅವರ ದನಿ ಸಣ್ಣಗಾಗುವುದು, ಹತ್ತು ವರ್ಷದ ಹಿಂದೆ ಅವಳ ಮೊದಲ ಲೆಕ್ಕವನ್ನು ಹಲಗೆಯ ಮೇಲಿಂದ ಒರೆಸಿ ಇನ್ನೊಂದ್ಸಲ ಮಾಡು ಅಂದಾಗಲೂ ಹೀಗೇ, ತೇಯಾ ಹುಟ್ಟಿದಾಗ ಮೂರನೇ ಮಹಡಿಗೆ ಸೂಪಿನ ಪಾತ್ರೆ ಹೊತ್ತು ಏದುಸಿರು ಬಿಡುತ್ತ ಹತ್ತಿ ಬಂದವರೂ ಇವರೇ — ನೋಡು, ಅಂದರು, ನಮ್ಮಲ್ಲಿ ಹೆಸರು ಹಾಕೋದು ಅಕ್ಷರದ ಸಾಲಿನಲ್ಲಿ, ನನ್ನ ಬೆನುಸ್ಸಿಯ ಬಿ ಮೊದಲು, ನಿನ್ನ ಜೊರ್ಜೆನೊನ್‌ನ ಝಡ್ ಕೊನೆಗೆ, ಯಾವಾಗಲೂ ಕೊನೆಗೆ, ತೆಗೆದುಬಿಟ್ರೆ ಜಾಗ ಖಾಲಿ ಇದೆ ಅಂತಲೂ ಯಾರಿಗೂ ಗೊತ್ತಾಗಲ್ಲ. ಗಾಳಿ ಬಾಯಿಯೊಳಗೆ ನುಗ್ಗಿತು, ಹಲ್ಲು ಜುಂ ಅಂದವು. ತೆಗೀರಿ, ಅಂದಳು. ಏನಂದೆ. ನನ್ನ ಹೆಸರು ತೆಗೀರಿ, ಕಳಿಸಿ, ನಾಳೆ ಬೆಳಿಗ್ಗೆ ಎಲ್ಲರ ಎದುರಿಗೆ ಆ ಹಾಳೆ ತೋರಿಸೋಳೂ ನಾನೇ, ಕದ್ದು ಅಲ್ಲ, ಈಗಲೇ ಹೇಳ್ತಿದೀನಿ. ಫೋನಿನಲ್ಲಿ ಅವಳ ಕಡೆಯ ಗಾಳಿ ಒಂದು, ಅವರ ಕೋಣೆಯ ಕಿಟಕಿ ಬಡಿಯುವ ಗಾಳಿ ಒಂದು, ಎರಡು ಕಡೆಯೂ ಅದೇ ಗಾಳಿ. ತೆಗೆಯೋಕೆ ಆಗುತ್ತೇನೇ ಹುಚ್ಚಿ, ಅಂದರು, ಅದರಲ್ಲಿರೋ ಒಂದೊಂದು ಸಾಲೂ ನಿಂದು, ಬಾಯಿಗೆ ಬಂದದ್ದು ಅಂದೆ, ನೀನು ಒಪ್ಪದೆ ನಾನು ಕಳಿಸೋ ಹಾಗಿಲ್ಲ ಅಂತ ನಿನಗೂ ಗೊತ್ತು. ಮುಂದಿನ ವರ್ಷ ನನಗೆ ಎಪ್ಪತ್ತು, ಈ ಕೋಣೆ ಬಿಟ್ಟುಕೊಡಬೇಕು, ಇದೊಂದು ಆಗಲಿ ಅಂತ ಇತ್ತು. ಗೊತ್ತು, ತುಲ್ಲಿಯೊ. ನಿನಗೂ ಆ ಹುದ್ದೆ ಆಗಬೇಕಿತ್ತು ಅಂತ ಇತ್ತು. ಅದೂ ಗೊತ್ತು. ಹೋಗಲಿ, ಕಳಿಸಲ್ಲ, ಆದ್ರೆ ಇವತ್ತು ಇನ್ನು ನನ್ನ ಹತ್ರ ಮಾತಾಡಬೇಡ, ಮನಸ್ಸು ಸರಿ ಇಲ್ಲ — ಕಟ್.

ಹಾಗಾದರೆ ಗೆದ್ದಳು, ಇದಕ್ಕೆ ಗೆಲ್ಲುವುದು ಅಂತಾರಾ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಡೋಣ ಅನಿಸಿತು, ಕೂರಲಿಲ್ಲ, ಕೋಟಿನ ಇನ್ನೊಂದು ತೋಳು ಹುಡುಕಿ ಹಾಕಿಕೊಂಡಳು, ಒಳಗೆ ತೇಯಾ ಇನ್ನೂ ಅಳುತ್ತಿದ್ದಾಳಾ, ಗಾಳಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಒರ್ನೆಲ್ಲಾ ಕರೆಯುವ ತನಕ ಒಳಗೆ ಹೋಗುವ ಹಾಗಿಲ್ಲ, ಬಿಟ್ಟು ದೂರ ಹೋಗುವ ಹಾಗೂ ಇಲ್ಲ, ಸರಿ, ಯೋಚಿಸೋಣ, ಮೊದಲು ದಾರಿಯೊಗೆ ಹೇಳಬೇಕು, ವಸಂತಕ್ಕೆ ನಿನ್ನ ಸಂಬಳ ಒಂದೇ ಅಂತ, ಹೇಗೆ ಹೇಳುವುದು, ಊಟಕ್ಕೆ ಹುಳಿ ಬರಿಸಿದ ಕೋಸು ಹಾಕಿದ ಹುರುಳಿಸಾರು ಇದೆ, ಬಿಸಿ ಮಾಡಿ ಬಡಿಸಿ ಆಮೇಲೆ ಹೇಳುವುದು, ಅವನು ಚಮಚ ಕೆಳಗಿಡುತ್ತಾನೆ, ಅದೇ ಸಾಕು, ಆಮೇಲೆ ಆ ದೊಡ್ಡ ಪೆಟ್ಟಿಗೆಗೆ ಅರ್ಜಿ ಬರೆಯಬೇಕು, ಎರಡರಷ್ಟು ಅಗಲ, ಬೇಸಿಗೆಗೆ ಸಿಕ್ಕಿದರೆ, ಸಿಕ್ಕಿ ನೋಡಿದಾಗ ಅಂಕಿ ಅದೇ ಬಂದುಬಿಟ್ಟರೆ, ಅಷ್ಟಕ್ಕೂ ಕೊಪನ್‌ಹೇಗನ್ನಿನವರು ನಾಳೆಯೇ ಅದೇ ಅಂಕಿ ಹಾಕಿಬಿಟ್ಟರೆ, ಸರಿಯಾದ ಅಂಕಿಯನ್ನೇ ತಾನು ಕೈಯಾರೆ ತಡೆದಳು ಅಂತ ಆದರೆ, ಆಗ ತುಲ್ಲಿಯೊ ಕನ್ನಡಕ ಹಣೆಗೇರಿಸುತ್ತಾರೆ, ಅಷ್ಟೇ — ಬೇಡ, ಅದು ಬೇಡ, ಬೇರೆ ಏನಾದರೂ, ಹುರುಳಿಸಾರು, ಅದಕ್ಕೆ ಉಪ್ಪು ಕಡಿಮೆಯಾಗಿತ್ತು ನಿನ್ನೆ, ಉಪ್ಪು, ಪಾತ್ರೆ, ಒಲೆ, ಒಲೆಯ ಮೇಲೆ ಪಾತ್ರೆ, ಪಾತ್ರೆಯಾಚೆ ಹಾಳೆ, ಇಲ್ಲ, ದಾರಿಯೊ, ದಾರಿಯೊ ಬಾಗಿಲು ತೆಗೆದು ಒಳಗೆ ಬರುತ್ತಾನೆ, ಬೂಟು ಕಳಚುತ್ತಾನೆ, ತಲೆಯೆತ್ತಿದರೆ ಅವರಿಬ್ಬರ ನಡುವೆ ಆ ಹಾಳೆ, ಇಲ್ಲ, ತೇಯಾ, ತೇಯಾಳ ಬಾಗಿದ ತುಟಿ, ತೇಯಾಳ ಹಿಂದೆ, ಬಲದಲ್ಲಿ ಮುಗಿದು ಎಡದಲ್ಲಿ ಶುರುವಾಗುವ, ಬೂದುಬಣ್ಣದ, ಚಪ್ಪಟೆ, ಈ ಕಡೆ ಹನ್ನೆರಡು, ಆ ಕಡೆ ಹನ್ನೆರಡು, ಸಣ್ಣಗೆ ನಡುಗುತ್ತ, ಹರಿಯುವುದಕ್ಕೆ ಒಂದು ಅಂಚೂ ಇಲ್ಲದ ಆ ಹಾಳೆ, ಆ ಹಾಳೆ